ತಂದೆಯವರ ಪದ್ಮಿನಿ: ನೋಟಕ್ಕಲ್ಲ, ಓಡಾಟಕ್ಕೆ

ಕರಾವಳಿಯ ನಮ್ಮ ಎಷ್ಟೋ ಮನೆಗಳ ಹಿತ್ತಿಲಲ್ಲಿ, ಮುರಕಲ್ಲಿನ ಗೋಡೆಯ, ಹಂಚಿನ ಮಾಡಿನ ಶೆಡ್ಡೊಂದರೊಳಗೆ ಹಳೆಯ ಕಾರೊಂದು ವರ್ಷಗಟ್ಟಲೆಯಿಂದ ನಿಂತಿರುವುದನ್ನು ಕಾಣುತ್ತೇವೆ. ಅದರ ಮೇಲೆ ಖಾಲಿ ಗೋಣಿಚೀಲ, ಮುರಿದ ಕುರ್ಚಿ, ಯಾವುದೋ ವರ್ಷದ ಕ್ರಿಸ್ಮಸ್ ನಕ್ಷತ್ರದ ಬಿದಿರುಕಡ್ಡಿ ಎಲ್ಲವೂ ಸೇರಿಕೊಂಡಿರುತ್ತವೆ. ಮಾರಲು ಮನಸ್ಸಿಲ್ಲ, ಓಡಿಸಲು ಧೈರ್ಯವಿಲ್ಲ. ತಂದೆಯದು, ಅಜ್ಜನದು ಎಂಬ ಮಮತೆ ಒಂದು ಕಡೆ. ಗುಜರಿಯವರು ತೂಕದ ಲೆಕ್ಕದಲ್ಲಿ ಕೇಳುವ ಬೆಲೆ ಇನ್ನೊಂದು ಕಡೆ. ಈ ಎರಡರ ನಡುವೆ ಮೂರನೆಯ ದಾರಿಯೊಂದಿದೆ. ಆ ಕಾರನ್ನು ಸರಿಪಡಿಸಿ, ಪೇಟೆಗೆ, ಇಗರ್ಜಿಗೆ, ನೆಂಟರ ಮನೆಗೆ ಸಂತೋಷದಿಂದ ಓಡಿಸುವ ದಾರಿ. ನಾವು ಆ ದಾರಿಯನ್ನು ಹಿಡಿದವರು. ಅದರಲ್ಲಿ ಕಂಡುಕೊಂಡದ್ದನ್ನು ಅಂಥ ಕಾರು ಇರುವ ಇತರ ಕುಟುಂಬಗಳೊಂದಿಗೆ ಹಂಚಿಕೊಳ್ಳುವುದು ಈ ಬರಹದ ಉದ್ದೇಶ.

ಒಂದು ಕಾಲದ ಕಾರು

ನಮ್ಮ ಮನೆಯಲ್ಲಿರುವುದು 1975ರ ಪ್ರೀಮಿಯರ್ ಪದ್ಮಿನಿ. ನಮ್ಮ ಸಮುದಾಯದ ಬಹಳ ಮಂದಿಯಂತೆ ನಮ್ಮ ತಂದೆಯವರೂ ಮುಂಬಯಿಯಲ್ಲಿ ದುಡಿದವರು. ಹೆಸರು ನೋಂದಾಯಿಸಿ ವರ್ಷಗಟ್ಟಲೆ ಕಾದು ಕಾರು ಪಡೆಯಬೇಕಾಗಿದ್ದ ಆ ಕಾಲದಲ್ಲಿ, ಉಳಿತಾಯದ ದೊಡ್ಡ ಪಾಲನ್ನು ವ್ಯಯಿಸಿ ಅದನ್ನು ಕೊಂಡು, ನಿವೃತ್ತರಾದ ಮೇಲೆ ಊರಿಗೆ ತಂದರು.

ಈ ಕಾರಿನ ಮೂಲ ಇಟಲಿಯದು. ಮುಂಬಯಿಯ ಕುರ್ಲಾದಲ್ಲಿದ್ದ ಪ್ರೀಮಿಯರ್ ಆಟೋಮೊಬೈಲ್ಸ್ ಸಂಸ್ಥೆಯು ಫಿಯೆಟ್ ಕಂಪೆನಿಯ ಪರವಾನಗಿಯಿಂದ 1964ರಲ್ಲಿ 1100 ಡಿಲೈಟ್ ಎಂಬ ಮಾದರಿಯನ್ನು ತಯಾರಿಸತೊಡಗಿತು. ಕೆಲಕಾಲ ಪ್ರೆಸಿಡೆಂಟ್ ಎಂದು ಕರೆಯಿಸಿಕೊಂಡ ಆ ಕಾರಿಗೆ 1974ರಲ್ಲಿ ಪದ್ಮಿನಿ ಎಂಬ ಹೆಸರು ಬಂತು. 1089 ಸಿ.ಸಿ.ಯ ನಾಲ್ಕು ಸಿಲಿಂಡರಿನ ಎಂಜಿನ್, ಸ್ಟೀರಿಂಗ್ ಕಂಬಕ್ಕೇ ಜೋಡಿಸಿದ ಗೇರ್, ಮುಂದೆ ಬೆಂಚಿನಂಥ ಉದ್ದ ಸೀಟು, ಬಾಗಿಲಿನ ಮೂಲೆಯಲ್ಲಿ ತಿರುಗಿಸಿದರೆ ಮುಖಕ್ಕೆ ಗಾಳಿ ತರುವ ತ್ರಿಕೋನ ಗಾಜು ಇವು ಅದರ ಗುರುತುಗಳು. 1983ರ ಕೊನೆಯಲ್ಲಿ ಮಾರುತಿ 800 ಬಂದ ಬಳಿಕ ಅದರ ಬೇಡಿಕೆ ಇಳಿಯುತ್ತ ಹೋಯಿತು. ಈ ಶತಮಾನದ ಆರಂಭದ ಹೊತ್ತಿಗೆ ತಯಾರಿಕೆಯೂ ನಿಂತಿತು. ಮುಂಬಯಿಯ ಕಪ್ಪು-ಹಳದಿ ಟ್ಯಾಕ್ಸಿಯಾಗಿ ಮಾತ್ರ ಅದು ಇನ್ನೂ ಎರಡು ದಶಕ ಬಾಳಿತು. ಅಲ್ಲಿ ಟ್ಯಾಕ್ಸಿಗಳಿಗೆ 20 ವರ್ಷಗಳ ಮಿತಿಯಿದ್ದ ಕಾರಣ, 2003ರ ಅಕ್ಟೋಬರಿನಲ್ಲಿ ನೋಂದಾಯಿತವಾಗಿದ್ದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್ 30ರಂದು ರಸ್ತೆಯಿಂದ ಮರೆಯಾಯಿತು.

ತಂದೆಯವರು 2011ರಲ್ಲಿ ತೀರಿಕೊಂಡರು. ಆಮೇಲೆ ಕಾರು 13 ಮಳೆಗಾಲಗಳನ್ನು ಶೆಡ್ಡಿನಲ್ಲಿಯೇ ಕಳೆಯಿತು. 2024ರಲ್ಲಿ ಒಡಹುಟ್ಟಿದವರೆಲ್ಲ ಊರಲ್ಲಿ ಒಟ್ಟುಗೂಡಿದ್ದಾಗ ಅದರ ಭವಿಷ್ಯದ ಪ್ರಶ್ನೆ ಎದ್ದಿತು.

ಯಾತಕ್ಕಾಗಿ ಎಂಬ ಪ್ರಶ್ನೆ

ಮಾರಿಬಿಡೋಣವೆಂದು ಒಬ್ಬರ ಅಭಿಪ್ರಾಯ. ಚೆನ್ನಾಗಿ ಬಣ್ಣ ಹೊಡೆಸಿ, ಹೊಳೆಯಿಸಿ, ಹಳೆಯ ಕಾರುಗಳ ಮೇಳಕ್ಕೆ ಕಳುಹಿಸೋಣವೆಂದು ಇನ್ನೊಬ್ಬರ ಆಸೆ. ಎಂಬತ್ತು ದಾಟಿದ ನಮ್ಮ ತಾಯಿಯವರು ಎಲ್ಲವನ್ನೂ ಕೇಳಿ, “ಮನೆ ಮುಂದೆ ನಿಲ್ಲಿಸಿ ನೋಡಲಿಕ್ಕೆ ಅದೇನು ಗೊಂಬೆಯಾ? ಓಡುವುದಾದರೆ ಮಾಡಿಸಿ, ಇಲ್ಲದಿದ್ದರೆ ಬಿಡಿ” ಎಂದರು. ಅಲ್ಲಿಗೆ ತೀರ್ಮಾನವಾಯಿತು.

ಈ ತೀರ್ಮಾನವು ಕೇವಲ ಭಾವನೆಯದ್ದಲ್ಲ. ಮುಂದಿನ ಪ್ರತಿಯೊಂದು ಖರ್ಚೂ, ಕಾನೂನಿನ ಪ್ರತಿಯೊಂದು ಹೆಜ್ಜೆಯೂ ಇದನ್ನೇ ಅವಲಂಬಿಸಿದೆ. ಕೇಂದ್ರ ಸರಕಾರವು 2021ರ ಜುಲೈಯಲ್ಲಿ ಹೊರಡಿಸಿದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪವನ್ನು ಉಳಿಸಿಕೊಂಡ ವಾಹನವನ್ನು ‘ವಿಂಟೇಜ್’ ಎಂದು ನೋಂದಾಯಿಸಬಹುದು, ಅದಕ್ಕೆ ‘ವಿ.ಎ.’ ಅಕ್ಷರಗಳ ಪ್ರತ್ಯೇಕ ಸಂಖ್ಯೆ ದೊರೆಯುತ್ತದೆ. ಕೇಳಲು ಗೌರವದ ಸಂಗತಿಯೇ. ಆದರೆ ಹಾಗೆ ನೋಂದಾಯಿಸಿದ ವಾಹನವನ್ನು ಪ್ರದರ್ಶನ, ತಾಂತ್ರಿಕ ಸಂಶೋಧನೆ, ವಿಂಟೇಜ್ ರ್‍ಯಾಲಿ, ಇಂಧನ ತುಂಬಿಸುವುದು ಮತ್ತು ದುರಸ್ತಿ ಇಂತಹ ಕಾರಣಗಳಿಗಾಗಿ ಮಾತ್ರ ರಸ್ತೆಗಿಳಿಸಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ದಿನವೂ ಓಡಿಸುವ ಇಚ್ಛೆಯಿರುವವರು ಸಾಮಾನ್ಯ ನೋಂದಣಿಯನ್ನೇ ಉಳಿಸಿಕೊಳ್ಳಬೇಕು. ನಮ್ಮ ಕಾರಿಗೂ 50 ತುಂಬುವುದರಲ್ಲಿದ್ದ ಕಾರಣ ಈ ವ್ಯತ್ಯಾಸವನ್ನು ಮೊದಲೇ ತಿಳಿದದ್ದು ಉಪಯೋಗಕ್ಕೆ ಬಂತು.

ಚಾಪೆಯ ಕೆಳಗೆ

ವರ್ಷಗಟ್ಟಲೆ ನಿಂತ ಕಾರಿನಲ್ಲಿ ಎಲ್ಲರೂ ಮೊದಲು ಕೇಳುವ ಪ್ರಶ್ನೆ, “ಎಂಜಿನ್ ಸ್ಟಾರ್ಟ್ ಆಗುತ್ತದೆಯೇ?” ಎಂಬುದು. ನಿಜವಾಗಿ ಕೇಳಬೇಕಾದದ್ದು, “ತುಕ್ಕು ಎಲ್ಲಿಯವರೆಗೆ ಹೋಗಿದೆ?” ಎಂದು. ಎಂಜಿನನ್ನು ಬಿಚ್ಚಿ ಕಟ್ಟಬಹುದು; ಒಡಲೇ ಕರಗಿದ್ದರೆ ಖರ್ಚಿಗೆ ಮಿತಿಯಿಲ್ಲ.

ಜೀಪು, ಲಾರಿಗಳಿಗೆ ಇರುವಂತೆ ಪದ್ಮಿನಿಗೆ ಬೇರೆ ಚಾಸಿ ಇಲ್ಲ. ನೆಲ, ಬಾಗಿಲುಗಳ ಕೆಳಗೆ ಉದ್ದಕ್ಕೂ ಸಾಗುವ ಪೆಟ್ಟಿಗೆಯಾಕಾರದ ತಗಡಿನ ತೊಲೆ, ಕಂಬ, ಮಾಡು ಇವೆಲ್ಲ ಒಂದಕ್ಕೊಂದು ಬೆಸೆದುಕೊಂಡು ಭಾರವನ್ನು ಹೊರುತ್ತವೆ. ಆದಕಾರಣ ಅಲ್ಲಿನ ತುಕ್ಕು ಅಂದಗೇಡಿನ ವಿಷಯವಲ್ಲ, ಬಲದ ವಿಷಯ. ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಇರುವ ನಮ್ಮ ಕರಾವಳಿಯಲ್ಲಿ ಇದನ್ನು ಎಷ್ಟು ಒತ್ತಿ ಹೇಳಿದರೂ ಸಾಲದು. ಬಾಗಿಲಿನ ತಳದಲ್ಲಿ ನೀರು ಇಳಿದುಹೋಗಲು ಸಣ್ಣ ತೂತುಗಳಿರುತ್ತವೆ. ಎಲೆ, ಮಣ್ಣು ಸೇರಿ ಅವು ಮುಚ್ಚಿಕೊಂಡರೆ ನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ.

ನಮ್ಮ ಕಾರು ಹೊರಗಿನಿಂದ ಅಷ್ಟೇನೂ ಕೆಟ್ಟಂತೆ ಕಾಣುತ್ತಿರಲಿಲ್ಲ. ಮೊದಲು ತೋರಿಸಿದ ವರ್ಕ್‌ಶಾಪಿನವರು ಎರಡೇ ವಾರಗಳಲ್ಲಿ ಪುಟ್ಟಿ ಮೆತ್ತಿ, ಬಣ್ಣ ಹೊಡೆದು ಹೊಸದರಂತೆ ಮಾಡಿಕೊಡುವೆವೆಂದು ಹೇಳಿದ್ದರು. ಅನಂತರ ಹಿರಿಯ ಮೆಕ್ಯಾನಿಕರೊಬ್ಬರನ್ನು ಮನೆಗೇ ಕರೆತಂದೆವು. ಅವರು ಬಣ್ಣದ ಕಡೆ ನೋಡಲಿಲ್ಲ. ಮುಂದಿನ ಎಡಬದಿಯ ಕಾಲುಚಾಪೆಯನ್ನು ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲನೆ ತಟ್ಟಿದರು. ತಗಡು ಪುಡಿಯಾಗಿ ಉದುರಿ, ಅಂಗೈಯಗಲದ ತೂತಿನಲ್ಲಿ ಶೆಡ್ಡಿನ ನೆಲ ಕಂಡಿತು. ತಾಯಿಯವರು ಯಾವಾಗಲೂ ಕುಳಿತುಕೊಳ್ಳುತ್ತಿದ್ದುದು ಅದೇ ಬದಿಯಲ್ಲಿ. ಎರಡು ವಾರಗಳ ಬಣ್ಣವು ಆ ತೂತನ್ನು ಮುಚ್ಚುತ್ತಿತ್ತು, ಕಾಲನ್ನು ಕಾಯುತ್ತಿರಲಿಲ್ಲ.

ಕೊಳೆತ ತಗಡನ್ನು ಪೂರ್ತಿಯಾಗಿ ಕತ್ತರಿಸಿ ತೆಗೆದು, ಗಟ್ಟಿ ಲೋಹ ಸಿಗುವವರೆಗೆ ಹೋಗಿ, ಹೊಸ ತಗಡನ್ನು ಬೆಸೆದು, ಒಳಹೊರಗೆ ತುಕ್ಕುನಿರೋಧಕ ಲೇಪ ಹಚ್ಚಿಸುವುದೊಂದೇ ಸರಿಯಾದ ಕ್ರಮ. ಹಳೆಯ ತೂತಿನ ಮೇಲೆ ತಗಡಿನ ತುಂಡನ್ನಿಟ್ಟು ಪುಟ್ಟಿ ಮೆತ್ತಿದರೆ ಎರಡು ಮಳೆಗಾಲಗಳಲ್ಲಿ ಅದು ಮತ್ತೆ ಬಾಯಿ ತೆರೆಯುತ್ತದೆ. ಬೆಸುಗೆ ಹಾಕಿದ ಭಾಗಗಳನ್ನು ಬಣ್ಣಕ್ಕೆ ಮುಂಚೆ ಮನೆಯವರೇ ಹೋಗಿ ನೋಡುವುದು ಒಳ್ಳೆಯದು.

“ಮೊದಲು ಅದು ನಿಲ್ಲಲಿ”

ಕಾರು ಎಂದು ಓಡೀತು ಎಂಬ ನಮ್ಮ ಆತುರಕ್ಕೆ ಆ ಹಿರಿಯರು ಕೊಟ್ಟ ಉತ್ತರ, “ಮೊದಲು ಅದು ನಿಲ್ಲಲಿ ಮಾರಾಯ್ರೆ, ಓಡುವುದು ಆಮೇಲೆ.” ಮುಂದಿನ ಎಲ್ಲ ಕೆಲಸದ ಅನುಕ್ರಮವೂ ಈ ಮಾತಿನಲ್ಲಿದೆ.

ಪದ್ಮಿನಿಯ ನಾಲ್ಕೂ ಗಾಲಿಗಳಿಗೆ ಇರುವುದು ಡ್ರಮ್ ಬ್ರೇಕ್. ಬ್ರೇಕ್ ಎಣ್ಣೆಗೆ ಗಾಳಿಯ ತೇವವನ್ನು ಹೀರುವ ಗುಣವಿದೆ. ವರ್ಷಗಟ್ಟಲೆ ನಿಂತ ಕಾರಿನಲ್ಲಿ ಆ ತೇವವೇ ಸಿಲಿಂಡರುಗಳ ಒಳಗೋಡೆಯನ್ನು ತುಕ್ಕು ಹಿಡಿಸಿ, ರಬ್ಬರ್ ವಾಷರುಗಳನ್ನು ಹಾಳುಗೆಡಹುತ್ತದೆ. ಆದುದರಿಂದ ಮಾಸ್ಟರ್ ಸಿಲಿಂಡರ್, ನಾಲ್ಕು ಗಾಲಿಗಳ ಸಿಲಿಂಡರುಗಳು, ರಬ್ಬರ್ ಕೊಳವೆಗಳು, ಲೋಹದ ನಳಿಗೆಗಳು, ಲೈನರುಗಳು ಇವುಗಳನ್ನು ಒಂದೊಂದಾಗಿ ಪರೀಕ್ಷಿಸುವುದಕ್ಕಿಂತ ಒಟ್ಟಿಗೇ ಹೊಸದಾಗಿಸುವುದು ಲೇಸು. ಬಳಿಕ ಎರಡು ವರ್ಷಗಳಿಗೊಮ್ಮೆ ಬ್ರೇಕ್ ಎಣ್ಣೆಯನ್ನು ಬದಲಾಯಿಸುತ್ತಿರಬೇಕು.

ಆಮೇಲೆ ಸ್ಟೀರಿಂಗ್. ಟೈ ರಾಡ್‌ಗಳ ತುದಿ, ಮುಂಗಾಲಿಗಳ ಬುಶ್, ಬೇರಿಂಗ್ ಇವುಗಳಲ್ಲಿ ಸಡಿಲಿದ್ದರೆ ಕಾರು ರಸ್ತೆಯಲ್ಲಿ ಅಲೆಯುತ್ತದೆ. ಟಯರಿನ ಹೂವು ಎಷ್ಟೇ ಆಳವಾಗಿದ್ದರೂ ಹತ್ತಾರು ವರ್ಷ ನಿಂತ ರಬ್ಬರು ಗಡುಸಾಗಿ ಬಿರುಕು ಬಿಟ್ಟಿರುತ್ತದೆ. ಸ್ಟೆಪ್ನಿಯೂ ಸೇರಿ ಐದನ್ನೂ ಬದಲಾಯಿಸಬೇಕು.

ಮೂರನೆಯದು ವಯರಿಂಗ್. ಐವತ್ತು ವರ್ಷಗಳ ತಂತಿಯ ಹೊದಿಕೆ ಮುಟ್ಟಿದರೆ ಉದುರುತ್ತದೆ. ಉಳಿದದ್ದನ್ನು ಇಲಿಗಳು ಕಡಿದಿರುತ್ತವೆ. ಪೆಟ್ರೋಲ್ ಕೊಳವೆಯ ಸಮೀಪದಲ್ಲೇ ಬೆತ್ತಲೆ ತಂತಿಯಿರುವುದೆಂದರೆ ಬೆಂಕಿಯನ್ನು ಕರೆದಂತೆ. ವಯರಿಂಗನ್ನು ಪೂರ್ತಿ ಹೊಸದಾಗಿ ಮಾಡಿಸಿ, ಸಾಕಷ್ಟು ಫ್ಯೂಸುಗಳನ್ನು ಹಾಕಿಸಿ, ಹೆಡ್‌ಲೈಟುಗಳಿಗೆ ರಿಲೇ ಜೋಡಿಸಿದರೆ ಬೆಳಕು ಗಣನೀಯವಾಗಿ ಹೆಚ್ಚುತ್ತದೆ. ಡೈನಮೋ ಇರುವ ಕಾರುಗಳಲ್ಲಿ ನಿಧಾನದ ಸಂಚಾರದಲ್ಲಿ ಬ್ಯಾಟರಿ ತುಂಬುವುದಿಲ್ಲ. ಮಳೆಗಾಲದ ಸಂಜೆ ವೈಪರ್, ದೀಪ ಎರಡೂ ಬೇಕಾದಾಗ ಎರಡೂ ಸೊರಗುತ್ತವೆ. ಅದರ ಬದಲು ಆಲ್ಟರ್ನೇಟರ್ ಹಾಕಿಸಿದ್ದು ನಮಗೆ ಅನುಕೂಲವಾಯಿತು. ಚಾಲಕನ ಕೈಗೆ ಎಟಕುವಲ್ಲಿ ಸಣ್ಣ ಅಗ್ನಿಶಾಮಕವೊಂದು ಇರಲಿ.

ಎಂಜಿನ್ ಮತ್ತು ಇಂದಿನ ಪೆಟ್ರೋಲು

ದೀರ್ಘಕಾಲ ನಿಂತ ಎಂಜಿನನ್ನು ಬ್ಯಾಟರಿ ಜೋಡಿಸಿ ಒಮ್ಮೆಗೇ ತಿರುಗಿಸಬಾರದು. ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ, ಸಿಲಿಂಡರುಗಳಿಗೆ ತುಸು ಎಣ್ಣೆ ಹಾಕಿ, ಒಂದೆರಡು ದಿನ ಬಿಟ್ಟು, ಕೈಯಿಂದ ಮೆಲ್ಲನೆ ತಿರುಗಿಸಿ ನೋಡಬೇಕು. ಹಳೆಯ ಪೆಟ್ರೋಲನ್ನು ಹೊರಚೆಲ್ಲಿ, ಟ್ಯಾಂಕನ್ನು ಇಳಿಸಿ ತೊಳೆದು, ಎಂಜಿನ್ ಆಯಿಲ್ ಬದಲಾಯಿಸಿದ ಮೇಲೆಯೇ ಪ್ರಾರಂಭಿಸುವುದು.

ಇಂಧನದ ವಿಷಯವನ್ನು ಈ ಕಾರುಗಳ ಒಡೆಯರು ವಿಶೇಷವಾಗಿ ಗಮನಿಸಬೇಕು. ಈ ಎಂಜಿನ್ ರೂಪುಗೊಂಡ ಕಾಲದಲ್ಲಿ ಪೆಟ್ರೋಲಿನಲ್ಲಿ ಸೀಸವಿತ್ತು. 2000ದ ಫೆಬ್ರವರಿಯಿಂದ ದೇಶದಾದ್ಯಂತ ಸೀಸರಹಿತ ಪೆಟ್ರೋಲ್ ಬಂತು. ಈಗ ಶೇಕಡಾ 20ರ ವರೆಗೆ ಎಥೆನಾಲ್ ಬೆರೆಸಿದ ಪೆಟ್ರೋಲ್ ಮಾರಾಟದಲ್ಲಿದೆ. ಎಥೆನಾಲ್ ಹಳೆಯ ಕಾಲದ ರಬ್ಬರನ್ನು ಮೆದುವಾಗಿಸಿ ಕೆಡಿಸುತ್ತದೆ, ತೇವವನ್ನು ಹೀರಿ ಟ್ಯಾಂಕಿನ ಒಳಗೆ ತುಕ್ಕು ಹಿಡಿಸುತ್ತದೆ. ಆದುದರಿಂದ ಪೆಟ್ರೋಲಿನ ಎಲ್ಲ ಕೊಳವೆಗಳನ್ನೂ, ಪಂಪಿನ ಒಳಪೊರೆಯನ್ನೂ, ಕಾರ್ಬ್ಯುರೇಟರಿನ ವಾಷರುಗಳನ್ನೂ ಎಥೆನಾಲ್ ತಾಳುವಂಥವುಗಳಿಂದ ಬದಲಾಯಿಸಬೇಕು. ವಾರಕ್ಕೆರಡು ಬಾರಿ ಓಡುವ ಕಾರಿನಲ್ಲಿ ಪೆಟ್ರೋಲು ಹೊಸದಾಗುತ್ತಿರುತ್ತದೆ. ತಿಂಗಳುಗಟ್ಟಲೆ ನಿಂತ ಕಾರಿನಲ್ಲಿ ಅದು ಕಾರ್ಬ್ಯುರೇಟರಿನ ಸಣ್ಣ ರಂಧ್ರಗಳನ್ನು ಕಟ್ಟಿಹಾಕುತ್ತದೆ. ಓಡುವುದೇ ಈ ಕಾರಿಗೆ ಮದ್ದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕೂಲಿಂಗ್ ವ್ಯವಸ್ಥೆಯನ್ನೂ ಕಡೆಗಣಿಸುವಂತಿಲ್ಲ. ಹಿಂದೆ ಘಾಟಿ ಹತ್ತುವಾಗ ಅರ್ಧದಾರಿಯಲ್ಲಿ ಬೋನೆಟ್ ಎತ್ತಿ, ತೊರೆಯ ನೀರು ತಂದು ಹುಯ್ಯುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಇಂದು ಪೇಟೆಯ ಸಿಗ್ನಲುಗಳೇ ನಮಗೆ ಘಾಟಿ. ರೇಡಿಯೇಟರನ್ನು ಬಿಚ್ಚಿ ಶುಚಿಗೊಳಿಸಿ, ಬರಿಯ ಬಾವಿನೀರಿನ ಬದಲು ಕೂಲೆಂಟ್ ಬಳಸಿದರೆ ಈ ಕಷ್ಟ ಬಹುಮಟ್ಟಿಗೆ ನೀಗುತ್ತದೆ.

ಹೊಸ ಕಾರಿನ ಎಂಜಿನನ್ನೇ ತಂದು ಕೂರಿಸೋಣವೆಂದು ಸಲಹೆ ನೀಡುವವರೂ ಉಂಟು. ವಾಹನದ ಮೂಲ ವಿನ್ಯಾಸವನ್ನು ಬದಲಿಸುವುದಕ್ಕೆ ಮೋಟಾರು ವಾಹನ ಕಾಯಿದೆಯಲ್ಲಿ ಕಟ್ಟುನಿಟ್ಟಿನ ನಿರ್ಬಂಧವಿದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಇದನ್ನು ಎತ್ತಿಹಿಡಿದಿದೆ. ಇದ್ದ ಎಂಜಿನನ್ನೇ ಚೆನ್ನಾಗಿ ಕಟ್ಟಿಸಿಕೊಳ್ಳುವುದು ಜಾಣತನ. ಬಿಡಿಭಾಗಗಳು ಸಿಗುವುದಿಲ್ಲವೆಂಬ ಭಯ ಬೇಡ. ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಮುಂಬಯಿಯ ಚೋರ್ ಬಜಾರಿನಲ್ಲಿ ತಾಳ್ಮೆಯಿಂದ ಹುಡುಕಿದರೆ ಬಹುಪಾಲು ದೊರೆಯುತ್ತವೆ.

ಕಾಗದಪತ್ರಗಳ ಕೆಲಸ

ಶೆಡ್ಡಿನಲ್ಲಿ ನಿಂತ ಎಷ್ಟೋ ಕಾರುಗಳನ್ನು ತಡೆದು ನಿಲ್ಲಿಸಿರುವುದು ತುಕ್ಕಲ್ಲ, ಕಾಗದ. ಆರ್.ಸಿ. ಇನ್ನೂ ತೀರಿಹೋದವರ ಹೆಸರಿನಲ್ಲಿಯೇ ಇರುತ್ತದೆ. ನಿಯಮದ ಪ್ರಕಾರ, ಒಡೆಯರು ತೀರಿಕೊಂಡ 30 ದಿನಗಳೊಳಗೆ ಆರ್.ಟಿ.ಒ. ಕಚೇರಿಗೆ ತಿಳಿಸಿ, ಮೂರು ತಿಂಗಳೊಳಗೆ ಫಾರ್ಮ್ 31ರಲ್ಲಿ ಹೆಸರು ವರ್ಗಾವಣೆಗೆ ಅರ್ಜಿ ಸಲ್ಲಿಸಬೇಕು. ನಮ್ಮ ತಾಯಿಯವರು ಆ ದುಃಖದ ದಿನಗಳಲ್ಲಿಯೂ ಇದನ್ನು ಸಕಾಲದಲ್ಲಿ ಮಾಡಿಸಿದ್ದರು. ಹಾಗೆ ಮಾಡಿಸದ ಮನೆಗಳಲ್ಲಿ, ವಾರಸುದಾರರು ಒಬ್ಬೊಬ್ಬರು ಒಂದೊಂದು ದೇಶದಲ್ಲಿರುವ ಈ ಕಾಲದಲ್ಲಿ, ಎಲ್ಲರ ಒಪ್ಪಿಗೆಯ ಸಹಿ ಸಂಗ್ರಹಿಸುವುದೇ ಒಂದು ಸಾಹಸ. ಎಲ್ಲರೂ ಊರಿಗೆ ಬರುವ ಮದುವೆಯೋ ಹಬ್ಬವೋ ಅದಕ್ಕೆ ತಕ್ಕ ಸಮಯ. ದುರಸ್ತಿಗೆ ಒಂದು ರೂಪಾಯಿ ಖರ್ಚು ಮಾಡುವ ಮೊದಲೇ ಈ ಕೆಲಸ ಮುಗಿಯಲಿ.

ಖಾಸಗಿ ಕಾರಿನ ನೋಂದಣಿಯು 15 ವರ್ಷಗಳಿಗೆ ಸಲ್ಲುತ್ತದೆ. ಅನಂತರ ಐದೈದು ವರ್ಷಗಳಿಗೊಮ್ಮೆ ವಾಹನವನ್ನು ತೋರಿಸಿ ನವೀಕರಿಸಬೇಕು. 20 ವರ್ಷ ದಾಟಿದ ಕಾರಿನ ನವೀಕರಣ ಶುಲ್ಕವನ್ನು 2025ರ ಆಗಸ್ಟ್‌ನಲ್ಲಿ 10,000 ರೂಪಾಯಿಗೆ ಏರಿಸಲಾಗಿದೆ. ಇದರ ಮೇಲೆ ನಮ್ಮ ರಾಜ್ಯದಲ್ಲಿ ಹಸಿರು ತೆರಿಗೆಯೂ ಇದೆ. ಹಳೆಯ ಪೆಟ್ರೋಲ್ ಕಾರಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡಿನ ಪ್ರಮಾಣ ಶೇಕಡಾ 3ನ್ನು ಮೀರಬಾರದು. ಕಾರ್ಬ್ಯುರೇಟರನ್ನು ಸರಿಯಾಗಿ ಹೊಂದಿಸಿದರೆ ಪದ್ಮಿನಿ ಇದನ್ನು ಪಾಸು ಮಾಡುತ್ತದೆ. ವಿಮೆ ಮತ್ತು ಅತಿಸುರಕ್ಷಿತ ನಂಬರ್ ಪ್ಲೇಟು ಸಹ ಬೇಕು.

ಮಿತಿ ಮತ್ತು ಸುಖ

ಹಳೆಯ ಕಾರಿನ ಬಗೆಗಿನ ಪ್ರೀತಿಯು ಅದರ ಮಿತಿಗಳನ್ನು ಮರೆಸಬಾರದು. ಇದರಲ್ಲಿ ಏರ್‌ಬ್ಯಾಗ್ ಇಲ್ಲ. ಢಿಕ್ಕಿಯ ಪೆಟ್ಟನ್ನು ತಾನು ಹೀರಿಕೊಂಡು ಒಳಗಿರುವವರನ್ನು ಉಳಿಸುವ ಆಧುನಿಕ ರಚನೆ ಇಲ್ಲ. ನಮ್ಮ ಕಾರಿನಲ್ಲಿ ಸೀಟ್ ಬೆಲ್ಟ್ ಸಹ ಇರಲಿಲ್ಲ. ಒಡಲಿನ ಬೆಸುಗೆಯ ಹಂತದಲ್ಲಿಯೇ ಗಟ್ಟಿ ಪಟ್ಟಿಗಳನ್ನು ಕೂಡಿಸಿ, ಮುಂದೆ ಹಿಂದೆ ಬೆಲ್ಟ್‌ಗಳನ್ನು ಹಾಕಿಸಿದೆವು. ಆ ಉದ್ದ ಸೀಟಿನಲ್ಲಿ ಹಿಂದೆ ಮೂವರು ಮಕ್ಕಳನ್ನು ತುರುಕಿ ಕೂರಿಸುತ್ತಿದ್ದ ವಾಡಿಕೆಯನ್ನು ಕೈಬಿಟ್ಟೆವು. ಬೆಲ್ಟ್ ಇದ್ದಷ್ಟೇ ಜನ. ಹೆದ್ದಾರಿಯ ರಾತ್ರಿ ಪ್ರಯಾಣಕ್ಕೆ ಇದನ್ನು ಒಯ್ಯುವುದಿಲ್ಲ. ಗಂಟೆಗೆ 60 ಕಿಲೋಮೀಟರಿನ ಮೇಲೆ ಓಡಿಸುವುದಿಲ್ಲ. ಮುಂದಿನ ವಾಹನದಿಂದ ಹೊಸ ಕಾರಿನಲ್ಲಿ ಬಿಡುವುದಕ್ಕಿಂತ ಇಮ್ಮಡಿ ಅಂತರ ಬಿಡುತ್ತೇವೆ. ಲೀಟರಿಗೆ ಹತ್ತು ಹನ್ನೊಂದು ಕಿಲೋಮೀಟರಿಗಿಂತ ಹೆಚ್ಚು ನಿರೀಕ್ಷಿಸುವುದೂ ಇಲ್ಲ.

ಈ ಮಿತಿಗಳೊಳಗೆ ದೊರೆಯುವ ಸುಖ ಮಾತ್ರ ನಿಜವಾದುದು. ಸ್ಟೀರಿಂಗಿನ ಪಕ್ಕದ ಗೇರನ್ನು ಹದವರಿತು ಜಾರಿಸುವಾಗ ಕೈಗೆ ಕೆಲಸವಿದೆ, ಕಿವಿಗೆ ಎಂಜಿನಿನ ಮಾತಿದೆ. ತ್ರಿಕೋನ ಗಾಜನ್ನು ತಿರುಗಿಸಿದರೆ ಗದ್ದೆಯ ಗಾಳಿ ಒಳಬರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಅಪರಿಚಿತರು ಬಂದು, “ನಮ್ಮಲ್ಲಿಯೂ ಒಂದಿತ್ತು” ಎಂದು ಮಾತಿಗೆ ನಿಲ್ಲುತ್ತಾರೆ. ಸೀಟು ಎತ್ತರವಾಗಿದ್ದು ಬಾಗಿಲು ಅಗಲವಾಗಿ ತೆರೆಯುವುದರಿಂದ ಮೊಣಕಾಲು ನೋವಿನ ತಾಯಿಯವರಿಗೆ ಮನೆಯ ಇನ್ನೊಂದು ಕಾರಿಗಿಂತ ಇದರಲ್ಲಿ ಹತ್ತಿ ಇಳಿಯುವುದೇ ಸುಲಭ. ಆದಿತ್ಯವಾರದ ಪೂಜೆಗೆ ಅವರು ಹೊರಡುವುದು ಪದ್ಮಿನಿಯಲ್ಲಿಯೇ.

ಖರ್ಚಿನ ಬಗ್ಗೆ ಒಂದು ಮಾತು. ಕೊಟ್ಟ ಹಣ ಮಾರುವಾಗ ಹಿಂದಿರುಗುತ್ತದೆಂಬ ಲೆಕ್ಕಾಚಾರದಿಂದ ಈ ಕೆಲಸಕ್ಕೆ ಕೈಹಾಕಬಾರದು. ಕೈಯಲ್ಲಿರುವುದು ಪೂರ್ತಿ ಸಾಲದಿದ್ದರೆ ಒಡಲು, ಬ್ರೇಕ್, ಸ್ಟೀರಿಂಗ್, ವಯರಿಂಗ್ ಇವನ್ನು ಈ ವರ್ಷ ಮುಗಿಸಿ, ಕ್ರೋಮ್ ಹೊಳಪು, ಸೀಟಿನ ಹೊದಿಕೆಗಳನ್ನು ಮುಂದಿನ ವರ್ಷಕ್ಕೆ ಬಿಡಬಹುದು. ಇದನ್ನು ಹಿಂದುಮುಂದಾಗಿ ಮಾಡಲಾಗದು. ಸಾಲ ಮಾಡಿ ಮಾಡಿಸುವಂಥ ಅಗತ್ಯದ ಕೆಲಸವೂ ಇದಲ್ಲ. ಒಡಲು ಪೂರ್ತಿ ಕರಗಿದ್ದರೆ ಮಮತೆಯನ್ನು ಬದಿಗಿಟ್ಟು, ಬಿಡಿಭಾಗಗಳು ಇನ್ನೊಂದು ಕಾರಿಗೆ ಜೀವ ಕೊಡಲೆಂದು ಬಿಟ್ಟುಕೊಡುವುದೂ ಒಳ್ಳೆಯ ಮಾರ್ಗವೇ.

ಕೊನೆಯದಾಗಿ, ತೀರ್ಮಾನವನ್ನು ಬಹಳ ದಿನ ಮುಂದೂಡುವಂತಿಲ್ಲ. ಪ್ಲಾಸ್ಟಿಕ್ ಹೊದಿಕೆ ಹಾಕಿ ಕಾಪಾಡಿದ್ದೇವೆಂದು ಹಲವರು ಭಾವಿಸುತ್ತಾರೆ. ಅದು ತೇವವನ್ನು ಒಳಗೇ ಹಿಡಿದಿಟ್ಟು ತುಕ್ಕಿಗೆ ನೆರವಾಗುತ್ತದೆ. ಪ್ರತಿ ಮಳೆಗಾಲವೂ ತಗಡಿನ ಒಂದು ಪದರವನ್ನು ಒಯ್ಯುತ್ತದೆ. ಅದಕ್ಕಿಂತಲೂ ಬೇಗ ಮರೆಯಾಗುತ್ತಿರುವುದು ಕೈಕಸುಬು. ಕಿವಿಯಿಂದಲೇ ಕಾರ್ಬ್ಯುರೇಟರನ್ನು ಹೊಂದಿಸುವ, ಸುತ್ತಿಗೆಯಿಂದ ತಗಡಿಗೆ ಅದರ ಮೊದಲಿನ ಬಾಗನ್ನು ತರುವ ಮೇಸ್ತ್ರಿಗಳಿಗೆ ವಯಸ್ಸಾಗಿದೆ. ನಮ್ಮ ಕಾರಿನ ಕೆಲಸ ನಡೆದ ತಿಂಗಳುಗಳಲ್ಲಿ ಕಾಲೇಜು ಓದುವ ಮಗನನ್ನು ರಜೆಯ ದಿನಗಳಲ್ಲಿ ಅವರ ಬಳಿ ನಿಲ್ಲಿಸಿದ್ದೆವು. ಬ್ರೇಕ್ ಲೈನರ್ ಬದಲಾಯಿಸಲು, ಪ್ಲಗ್ಗಿನ ಬಣ್ಣ ನೋಡಿ ಎಂಜಿನಿನ ಸ್ಥಿತಿ ಹೇಳಲು ಅವನೀಗ ಬಲ್ಲ. ಶೆಡ್ಡಿನಲ್ಲಿ ಹಳೆಯ ಕಾರಿರುವ ಮನೆಯವರು ಮುಂದಿನ ಮಳೆಗೆ ಮುಂಚೆ ಒಂದು ಬೆಳಿಗ್ಗೆ ಅದರ ಬಾಗಿಲು ತೆರೆದು, ಬಲ್ಲವರೊಬ್ಬರನ್ನು ಪಕ್ಕದಲ್ಲಿರಿಸಿಕೊಂಡು, ಚಾಪೆಯನ್ನೆತ್ತಿ ನೋಡಲಿ.